ಎರಡು ಶಾಮಿಯಾನದ ನಡುವೆ ಎಫುವಾ ಅಮಿಸಾ

ನಿಕಾ-ನಿಕಾ, ನಿಕಾ-ನಿಕಾ. ಬೆಳಕು ಹರಿಯುವ ಮೊದಲೇ ಕೋಜೋನ ಗಿರಣಿ ಹೀಗೆ ಶುರುಹಚ್ಚಿಕೊಳ್ಳುತ್ತಿತ್ತು. ಊರಿನವರು ಆ ಯಂತ್ರಕ್ಕೂ ಅದೇ ಹೆಸರಿಟ್ಟಿದ್ದರು, ನಿಕಾನಿಕಾ. ಅದರ ಗೋಡೆಗೆ ಒರಗಿಕೊಂಡಂತಿದ್ದ ಮನೆ ಎಫುವಾ ಅಮಿಸಾಳದು. ಗಿರಣಿಯ ಸದ್ದನ್ನು ಮೀರಿ ಮಾತಾಡಿ ಮಾತಾಡಿಯೇ ಅವಳಿಗೆ ಅಷ್ಟು ದೊಡ್ಡ ಗಂಟಲು ಬಂತೆಂದು ಘಾನಾದ ಕಡಲೂರು ಕೇಪ್ ಕೋಸ್ಟಿನ ಹೆಂಗಸರು ಹೇಳುತ್ತಿದ್ದರು. ಮೀನುಗಾರರು ಮಾತ್ರ ಒಪ್ಪುತ್ತಿರಲಿಲ್ಲ. ಅವಳು ಹುಟ್ಟಿದಾಗ ಅತ್ತ ಸದ್ದಿಗೆ ದೋಣಿಗಳು ದಂಡೆ ಬಂತೆಂದು ತಿರುಗಿದ್ದವಂತೆ.

ವಾರದ ದಿನಗಳಲ್ಲಿ ಎಫುವಾ ದೊಕೊನೊ ಮಾರುತ್ತಿದ್ದಳು. ಮುಸುಕಿನ ಜೋಳದ ಹಿಟ್ಟನ್ನು ಹುಳಿ ಬರಿಸಿ, ಒಣಗಿದ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಉಂಡೆ. ಜೊತೆಗೆ ಕರಿದ ಮೀನು, ಅರೆದ ಮೆಣಸಿನಕಾಯಿ. ಬೆರಳುಗಳಿಗೆ ಸದಾ ಹುಳಿಹಿಟ್ಟಿನ ವಾಸನೆ. ಆದರೆ ಶನಿವಾರ ಬಂತೆಂದರೆ ಅವಳು ಬೇರೆಯೇ ಹೆಂಗಸು. ಇಸ್ತ್ರಿ ಮಾಡಿದ ನೀಲಿ ಬಟ್ಟೆ, ಗೋಪುರದ ಹಾಗೆ ಸುತ್ತಿದ ತಲೆವಸ್ತ್ರ, ಕೊರಳಲ್ಲಿ ಮಣಿಸರ. ಅಂದು ಅವಳು ಮಾತುಗಾರ್ತಿ.

ಹೆಣ್ಣು ಕೇಳುವ ದಿನ, ಊರಿನ ಮಾತಿನಲ್ಲಿ 'ಬಾಗಿಲು ಬಡಿಯುವ' ದಿನ, ಅಂಗಳದಲ್ಲಿ ಎದುರುಬದುರಾಗಿ ಎರಡು ಶಾಮಿಯಾನ. ಒಂದರಲ್ಲಿ ಹೆಣ್ಣಿನವರು, ಇನ್ನೊಂದರಲ್ಲಿ ಗಂಡಿನವರು. ನಡುವೆ ಒಂದು ಪಟ್ಟೆ ಬಿಸಿಲು. ಹಿರಿಯರು ಅಲ್ಲಿ ತಾವೇ ದನಿ ಎತ್ತಿ ಮಾತಾಡುವುದಿಲ್ಲ. ತಮ್ಮ ಮಾತುಗಾರರ ಕಿವಿಯಲ್ಲಿ ಪಿಸುಗುಟ್ಟುತ್ತಾರೆ, ಮಾತುಗಾರರು ಅದನ್ನು ಸಿಂಗರಿಸಿ ಸಭೆಗೆ ಹೇಳುತ್ತಾರೆ. ಎಫುವಾಳಿಗೆ ಈ ವಿದ್ಯೆ ಕಲಿಸಿದ ಅವಳ ದೊಡ್ಡಮ್ಮ ಒಂದೇ ಒಂದು ಕಟ್ಟಳೆ ಹೇಳಿದ್ದಳು: "ಕಿವಿಗೆ ಬಿದ್ದಿದ್ದು ಬಾಯಿಗೆ ಬರ್ಲೇಬೇಕು. ಹೂವು ಮುಡಿಸ್ಬೋದು, ಬಳೆ ತೊಡಿಸ್ಬೋದು. ನುಂಗೋ ಹಾಗಿಲ್ಲ." ಆ ಕಟ್ಟಳೆ ಎಫುವಾಳ ನಾಲಿಗೆಯಲ್ಲಿ ಎಷ್ಟು ಬೇರುಬಿಟ್ಟಿತ್ತೆಂದರೆ, ಈಗ ಕಿವಿಗೆ ಬಿದ್ದ ಮಾತು ಅವಳ ಅಪ್ಪಣೆಯನ್ನೇ ಕೇಳದೆ ಬಾಯಿಗೆ ಬಂದುಬಿಡುತ್ತಿತ್ತು.

ಊರಿನ ಎಷ್ಟೋ ಹುಡುಗಿಯರ ಪರವಾಗಿ ಹೀಗೆ ಮಾತಾಡಿದವಳ ಸ್ವಂತ ಬಾಗಿಲಿಗೆ ಮಾತ್ರ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಅವಳನ್ನು ಕೇಳಲು ಬಂದವನು ಲಾರಿ ಓಡಿಸುತ್ತಿದ್ದ ಕ್ವಮಿನಾನ ಸೋದರಮಾವ. ಹೊರಗೆ ಲಾರಿಯ ಎಂಜಿನ್ ಆರಿಸದೆ ನಿಲ್ಲಿಸಿದ್ದರು, ಆರಿಸಿದರೆ ಮತ್ತೆ ಹೊತ್ತಿಕೊಳ್ಳುವ ನಂಬಿಕೆ ಇರಲಿಲ್ಲ. ಆ ಅವಸರದಲ್ಲಿ ಮಾವ, ಹೆಣ್ಣು ಕೇಳುವವರು ತರಲೇಬೇಕಾದ ಸ್ನ್ಯಾಪ್ಸ್ ಮದ್ಯದ ಬಾಟಲಿಯನ್ನು ಮೇಜಿನ ಮೇಲಿಟ್ಟು, "ಹುಡುಗ ನಮ್ಮೋನು, ಹುಡುಗಿ ನಿಮ್ಮೋಳು, ಗೊತ್ತಲ್ಲ" ಅಂದು, ಮೂಗು ಒರೆಸಿಕೊಂಡು ಎದ್ದುಬಿಟ್ಟ. ಅಷ್ಟೇ. ಕ್ವಮಿನಾ ಒಳ್ಳೆಯವನು. ಬದುಕಿದ್ದಷ್ಟು ದಿನ ಅವಳನ್ನು ನಗಿಸಿದ, ತೀರಿಕೊಂಡ ಮೇಲೆ ಬಹಳ ಕಾಲ ಅಳಿಸಿದ. ಆದರೂ ಹಿಟ್ಟು ನಾದುವಾಗ ಒಮ್ಮೊಮ್ಮೆ ಆ "ಗೊತ್ತಲ್ಲ" ನೆನಪಾಗಿ ಎಫುವಾಳ ಕೈ ನಿಲ್ಲುತ್ತಿತ್ತು. ಏನು ಗೊತ್ತು? ಯಾರಿಗೆ ಗೊತ್ತು? ಒಂದು ಹೂವು ಅನ್ನಬಾರದಿತ್ತೇ? ಹೋಗಲಿ, ಒಂದು ಸೊಪ್ಪು ಅಂದಿದ್ದರೂ ಆಗುತ್ತಿತ್ತು.

ಗಂಡಿನವರ ಕಡೆಗೆ ಊರಿಗೆಲ್ಲ ಒಬ್ಬನೇ ಮಾತುಗಾರ, ದರ್ಜಿ ಎಬೊ ಕ್ವಾನ್ಸಾ. ಶಾಲೆಯ ಮಕ್ಕಳ ಅಂಗಿ ಹೊಲಿಯುವವನು, ಹೆಂಡತಿ ತೀರಿಕೊಂಡವನು, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಚೇಷ್ಟೆ ಮಾಡುವವನು. ಶನಿವಾರಗಳಲ್ಲಿ ಅವನೂ ಎಫುವಾಳೂ ಬಿಸಿಲಿನ ಪಟ್ಟೆಯ ಆಚೆ ಈಚೆ ನಿಂತು ಹರಿತವಾದ ಮಾತುಗಳನ್ನು ಎಸೆದಾಡುತ್ತಿದ್ದರು. ಸೋಮವಾರ ಬೆಳಿಗ್ಗೆ ಅವನು ಅವಳ ಬೆಂಚಿನ ಮೇಲೆ ಕೂತು ದೊಕೊನೊ ತಿನ್ನುತ್ತಾ ಅದೇ ಜಗಳ ಮುಂದುವರಿಸುತ್ತಿದ್ದ.

ಆ ವರ್ಷ ಜಗಳಕ್ಕೆ ಹೊಸ ವಸ್ತು ಸಿಕ್ಕಿತ್ತು. ಊರಿನವರೇ ಆದ ಲಾಯರ್ ಬೊಂಡ್ಜಿ ದೇಶದ ಅಟಾರ್ನಿ ಜನರಲ್ ಆಗಿದ್ದರು, ನ್ಯಾಯ ಮಂತ್ರಿಯೂ ಆಗಿದ್ದರು. ಎರಡು ಕುರ್ಚಿ, ಒಬ್ಬರೇ ಮನುಷ್ಯ. ಘಾನಾದ ಪದ್ಧತಿಯೇ ಹಾಗೆ. ಮಂತ್ರಿಯಾಗಿ ಸಂಪುಟದಲ್ಲಿ ಕೂತು ಸರ್ಕಾರ ನಡೆಸಬೇಕು. ಅಟಾರ್ನಿ ಜನರಲ್ ಆಗಿ ಕೋರ್ಟಿನಲ್ಲಿ ದೇಶದ ವಕೀಲರಾಗಿ ನಿಲ್ಲಬೇಕು, ತಪ್ಪು ಮಾಡಿದವರು ಸರ್ಕಾರದವರೇ ಆದರೂ ಕೇಸು ಹಾಕಬೇಕು. ಈ ಎರಡನ್ನೂ ಬೇರೆ ಮಾಡಬೇಕೋ ಬೇಡವೋ ಎಂದು ಕೋಜೋನ ರೇಡಿಯೋ ದಿನಾ ಬೆಳಿಗ್ಗೆ ಗಿರಣಿಯ ಜೊತೆ ಪೈಪೋಟಿಗೆ ಬಿದ್ದು ಕಿರುಚುತ್ತಿತ್ತು.

"ಬೇರೆ ಮಾಡ್ಲೇಬೇಕು," ಎಫುವಾ ಎಲೆ ಬಿಚ್ಚುತ್ತಾ ಹೇಳಿದಳು. "ಒಂದು ಬಾಯಿ, ಒಂದು ಕಡೆ. ಸಂಪುಟದ ಮಡಕೇಲಿ ಉಂಡೋನು ಆ ಅಡುಗೆಯೋನ ಮೇಲೆ ಕೇಸು ಹಾಕ್ತಾನಾ?"

"ತಕ್ಕಡಿಗೆ ತಟ್ಟೆ ಎರಡು, ಕೋಲು ಒಂದೇ ಕಣೇ," ಅಂದ ಎಬೊ.

"ಆ ಕೋಲು ಹಿಡಿದಿರೋ ಕೈ ಅಂಗಡಿಯೋನದು ಕಣಯ್ಯಾ!"

"ನಿಮ್ಮಿಬ್ರನ್ನೇ ಅಕ್ರಾದ ಸಂಪುಟಕ್ಕೆ ಕಳ್ಸಬೇಕು," ಕೋಜೋ ಒಳಗಿಂದ ಕೂಗಿದ. "ಇಲ್ಲಾದ್ರೂ ನಮ್ಮ ಕಿವಿ ಉಳಿಯುತ್ತೆ."

ಎಬೊ ಮೀನಿನ ಮುಳ್ಳು ತೆಗೆದು ಎಲೆಯ ಅಂಚಿಗಿಟ್ಟ. ಆಮೇಲೆ, ಅಳತೆ ಕೇಳುವಷ್ಟು ಸಲೀಸಾಗಿ, "ಎಫುವಾ, ನಿನ್ನ ಬಾಗಿಲು ಬಡಿಯೋಣ ಅಂತಿದ್ದೀನಿ," ಅಂದ.

ಗಿರಣಿ ನಿಲ್ಲಲಿಲ್ಲ. ಎಫುವಾಳ ಕೈಯಲ್ಲಿದ್ದ ಉಂಡೆ ಮಾತ್ರ ಚಪ್ಪಟೆಯಾಯಿತು.

"ಯಾರ ಬಾಯಲ್ಲಿ?" ಅಂತ ಅವಳು ಕೇಳಿದಳು.

"ಅಂದ್ರೆ?"

"ನನ್ನ ಕೇಳೋಕೆ ಬರೋ ಮಾತುಗಾರ ಯಾರು ಅಂತ. ಈ ಸಲ 'ಗೊತ್ತಲ್ಲ' ಅಂದ್ರೆ ಬಾಟಲಿ ಸಮೇತ ಆಚೆಗೆ ಹಾಕ್ತೀನಿ."

"ನಮ್ಮ ಚರ್ಚಿನ ಉಪದೇಶಿ..."

"ಅವ್ನು ಆಮೆನ್ ಅನ್ನೋ ಹೊತ್ತಿಗೆ ನಾನು ಮಣ್ಣಲ್ಲಿರ್ತೀನಿ."

"ನನ್ನ ತಮ್ಮ?"

"ಅವ್ನು ಬಾಯಿ ತೆಗೆದ್ರೆ ಬರೀ ಬಿಕ್ಕಳಿಕೆ."

"ಹಾಗಾದ್ರೆ ನಾನೇ ಮಾತಾಡ್ತೀನಿ. ನನಗಿಂತ ಚೆನ್ನಾಗಿ ಮಾತಾಡೋರು ಯಾರಿದ್ದಾರೆ?"

"ತನಗೆ ತಾನೇ ಹೆಣ್ಣು ಕೇಳೋದು ಎಲ್ಲಾದ್ರೂ ಉಂಟಾ? ಮಾನ ಬೇಡ್ವಾ?" ಎಫುವಾ ಗದರಿದಳು. ಆದರೆ ಗದರಿಕೆಯ ಕೊನೆ ಮೆತ್ತಗಾಯಿತು. "ಒಳ್ಳೆ ನಾಲಿಗೆ ಹುಡುಕಿಕೊಂಡು ಬಾ. ಇಲ್ಲಾಂದ್ರೆ ದೊಕೊನೊ ತಿಂದು ಎದ್ದು ಹೋಗು."

ಊರಲ್ಲಿ ಒಳ್ಳೆಯ ನಾಲಿಗೆ ಇದ್ದದ್ದು ಎರಡೇ. ಒಂದು ಅವನದು, ಅದು ಸಲ್ಲದು. ಇನ್ನೊಂದು ಅವಳದು. ಎಬೊ ಆ ಬೆಳಿಗ್ಗೆ ಚಟ್ನಿ ಮುಟ್ಟದೆ ಎದ್ದು ಹೋದ. ಎಫುವಾ ಅವನ ಬೆನ್ನನ್ನೇ ನೋಡುತ್ತಾ, ತಾನೇ ಹಾಕಿದ ಬೇಲಿಯೊಳಗೆ ತಾನೇ ಸಿಕ್ಕಿಕೊಂಡೆನಲ್ಲಾ ಎಂದುಕೊಂಡಳು. ಆದರೂ ಬೇಲಿ ಕೀಳಲು ಮನಸ್ಸಾಗಲಿಲ್ಲ. ಜೀವನದಲ್ಲಿ ಒಂದು ಸಲ, ಒಂದೇ ಸಲ, ಪೂರ್ತಿ ಮಾತುಗಳಲ್ಲಿ ಯಾರಾದರೂ ತನ್ನನ್ನು ಕೇಳಬೇಕು.

ಹೀಗಿರುವಾಗ ಲಾಯರ್ ಬೊಂಡ್ಜಿಯವರ ಅಕ್ಕನ ಮಗಳು ಅಬಾಳನ್ನು ಕೇಳಲು ಸೆಕೊಂಡಿಯಿಂದ ಗಂಡಿನವರು ಬರುವ ಶನಿವಾರ ಬಂತು. ಹೆಣ್ಣಿನ ಕಡೆಗೆ ಎಫುವಾ, ಗಂಡಿನ ಕಡೆಗೆ ಎಬೊ. ಇಡೀ ಬೀದಿ ಇಸ್ತ್ರಿ ಮಾಡಿಕೊಂಡು ಬಂದಿತ್ತು. ಸೋದರಮಾವನಾದ ಮಂತ್ರಿ, ಒಂದು ಹೆಗಲ ಮೇಲೆ ಕೆಂಟೆ ಬಟ್ಟೆ ಹೊದ್ದು, ತಮ್ಮ ತಾಯಿ, ಹಿರಿಯಳೆಂದು ಊರೆಲ್ಲ 'ನಾನಾ' ಎನ್ನುತ್ತಿದ್ದ ನಾನಾ ಅರಬಾಳ ಪಕ್ಕದಲ್ಲಿ ಕೂತಿದ್ದರು. ಕಾವಲಿನ ಪೊಲೀಸನ ಕೈಯಲ್ಲೂ ಯಾರೋ ಒಂದು ತಟ್ಟೆ ಕರಿದ ಬಾಳೆಹಣ್ಣು ಇಟ್ಟುಬಿಟ್ಟಿದ್ದರು.

ಎಬೊ ಬಂದ. ಕುತ್ತಿಗೆಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡಿದ್ದ. ಬಾಯಿ ತೆರೆದ. ಕಪ್ಪೆಯೊಂದು ಬಾವಿಯ ತಳದಲ್ಲಿ ಕೆಮ್ಮಿದಂತಾಯಿತು, ಅಷ್ಟೇ. ಹಿಂದಿನ ದಿನ ಅವನ ಮೊಮ್ಮಗಳ ಶಾಲೆಯ ಫುಟ್‌ಬಾಲ್ ಪಂದ್ಯವಿತ್ತು. ಮೊಮ್ಮಗಳು ಗೋಲ್‌ಕೀಪರ್. ಬಂದ ಒಂದೊಂದು ಚೆಂಡನ್ನೂ ಅವಳಿಗಿಂತ ಮೊದಲು ಅಜ್ಜನೇ ಗಂಟಲಿನಿಂದ ತಡೆದಿದ್ದ.

ಸೆಕೊಂಡಿಯವರು ಕಂಗಾಲಾದರು. ಮಾತುಗಾರನಿಲ್ಲದೆ ಹೆಣ್ಣು ಕೇಳುವುದೆಂದರೆ ದೋಣಿಯಿಲ್ಲದೆ ಬಲೆ ಬೀಸಿದ ಹಾಗೆ.

"ಎಫುವಾ," ನಾನಾ ಅರಬಾ ಕರೆದಳು, "ಅವರದ್ದೂ ನೀನೇ ಮಾತಾಡಿಬಿಡು."

"ಅಯ್ಯೋ ನಾನಾ, ಆಗಲ್ಲ! ಒಂದು ಬಾಯಿ, ಒಂದು ಕಡೆ."

"ಯಾಕಾಗಲ್ಲ? ನನ್ನ ಮಗ ಎರಡು ಕುರ್ಚಿ ಇಟ್ಕೊಂಡು ದೇಶಾನೇ ನಡೆಸ್ತಾನಂತೆ. ನಿನಗೆ ಒಂದು ಅಂಗಳ ನಡೆಸೋಕಾಗಲ್ವಾ?"

"ಅಮ್ಮಾ, ಅದು ಬೇರೆ..." ಮಂತ್ರಿ ಶುರು ಮಾಡಿದರು.

"ಏನು ಬೇರೆ? ಹೇಳು, ಎಲ್ರೂ ಕೇಳ್ಲಿ."

ಮಂತ್ರಿ ಕೆಮ್ಮಿ, ಶುಂಠಿಯ ಪಾನಕದ ಲೋಟ ಎತ್ತಿಕೊಂಡರು. ಹಿಂದಿನಿಂದ ಕೋಜೋ, "ರೇಡಿಯೋದೋರು ಎಲ್ಲಿ? ಈಗ ಬರಬೇಕಿತ್ತು!" ಎಂದು ಕೂಗಿದ. ಎರಡು ಶಾಮಿಯಾನಗಳೂ ಒಟ್ಟಿಗೆ ನಕ್ಕವು.

ಎಫುವಾ ಎದ್ದು ನಿಂತಳು. ತಲೆವಸ್ತ್ರದ ಗಂಟು ಎಡಕ್ಕಿತ್ತು. "ಗಂಟು ಎಡಕ್ಕಿದ್ರೆ ನಾನು ಹೆಣ್ಣಿನೋಳು," ಎಂದಳು. ಬಿಸಿಲಿನ ಪಟ್ಟೆ ದಾಟಿ, ಗಂಟನ್ನು ಬಲಕ್ಕೆ ಎಳೆದಳು. "ಬಲಕ್ಕಿದ್ರೆ ಗಂಡಿನೋಳು. ಯಾರಾದ್ರೂ ಗಂಟು ನೋಡ್ದೆ ಬೈದ್ರೆ ಅದು ಅವರ ಕರ್ಮ."

ಗಂಡಿನ ಕಡೆಯ ಕುರ್ಚಿಯಲ್ಲಿ ಎಬೊ ಇದ್ದ. ಗಂಟಲು ಹೋದರೂ ಪಿಸುಮಾತು ಉಳಿದಿತ್ತು. ಅವನು ಅವಳ ಕಿವಿಯ ಹತ್ತಿರ ಬಾಗಿದ. ಲವಂಗದ ವಾಸನೆ. ಎಷ್ಟೋ ವರ್ಷ ಅಂಗಳದ ಅಷ್ಟಗಲ ದಾಟಿ ಬರುತ್ತಿದ್ದ ಮಾತು ಈಗ ಕಿವಿಯ ಓಲೆಗೇ ತಾಗಿತು. ಎಫುವಾಳ ಕತ್ತಿನ ಹಿಂದೆ ಏನೋ ಜುಮ್ಮೆಂದಿತು. ಅದು ಬಿಸಿಲು ಎಂದು ತನಗೆ ತಾನೇ ಹೇಳಿಕೊಂಡಳು. ಅವಳು ನಿಂತಿದ್ದುದು ನೆರಳಿನಲ್ಲಿ.

"ಆಗೋ!" ಅವಳು ಗಂಡಿನವರ ಪರವಾಗಿ ಬಾಗಿಲು ಬಡಿಯುವ ಕೂಗು ಹಾಕಿದಳು. "ನಾವು ಸೆಕೊಂಡಿಯಿಂದ ಬಂದೋರು. ಸುಮ್ನೆ ದಾರಿ ಹಿಡಿದು ಹೋಗ್ತಿದ್ವಿ, ನಿಮ್ಮ ಹಿತ್ತಲಲ್ಲಿ ಒಂದು ಹೂವು ಕಾಣ್ತು."

ಪಟ್ಟೆ ದಾಟಿದಳು. ಗಂಟು ಎಡಕ್ಕೆ. "ಆಮೇ, ಬನ್ನಿ ಒಳಗೆ! ಬಂದೋರು ಕೂತ್ಕೊಳ್ಳಿ. ಹೂವು ತಾನಾಗೇ ಕಾಣ್ತೋ, ಬೇಲಿ ಹಾರಿ ನೋಡಿದ್ರೋ?"

ಹೆಣ್ಣಿನವರು ಚಪ್ಪಾಳೆ ತಟ್ಟಿದರು. ಅವಳು ಓಡಿ ಬಂದು ಕಿವಿ ಕೊಟ್ಟಳು. ಗಂಟು ಬಲಕ್ಕೆ. "ಬೇಲಿ ಎಲ್ಲಿತ್ತು ತಾಯಿ? ನಿಮ್ಮ ಬೇಲೀನ ನಿಮ್ಮ ಮೇಕೇನೇ ಮೇದಿದೆ!"

"ನಮ್ಮ ಮೇಕೆ ಅಂದ್ಳು ನೋಡು!" ನಾನಾ ಅರಬಾ ಕುರ್ಚಿಯ ತುದಿಗೆ ಬಂದಳು. "ಏ, ಇವ್ಳು ಯಾರ ಕಡೆ?"

"ಗಂಟು ನೋಡಿ ನಾನಾ, ಗಂಟು!"

ಆಚೆ, ಈಚೆ. ಆಚೆ, ಈಚೆ. ಹೆಣ್ಣಿನ ಪರವಾಗಿ ಅವಳು ಬಿಗಿದಷ್ಟೂ ಗಂಡಿನ ಪರವಾಗಿ ಸಡಿಲಿಸುತ್ತಿದ್ದಳು. ತನ್ನ ಪ್ರಶ್ನೆಗೆ ತಾನೇ ಉತ್ತರ ಕೊಟ್ಟು, ಆ ಉತ್ತರಕ್ಕೆ ತಾನೇ ಸಿಟ್ಟಾಗಿ, ಆ ಸಿಟ್ಟಿಗೆ ತಾನೇ ಕ್ಷಮೆ ಕೇಳಿದಳು. ಮದುವೆ ಹುಡುಗ ಫಿಫಿ ನಕ್ಕು ನಕ್ಕು ಟೋಪಿ ಬೀಳಿಸಿಕೊಂಡ. ಬಾಗಿಲ ಸಂದಿಯಿಂದ ಇಣುಕಬಾರದ ಹುಡುಗಿ ಅಬಾ ಇಣುಕಿ, ಚಿಕ್ಕಮ್ಮನಿಂದ ತಲೆಗೆ ಮೊಟಕಿಸಿಕೊಂಡಳು. ಯಾರಿಗೂ ಮೋಸವಾಗಿರಲಿಲ್ಲ. ಎಬೊನ ಒಂದು ಚುರುಕು ಮಾತನ್ನೂ ಎಫುವಾ ಮೊಂಡು ಮಾಡಲಿಲ್ಲ. ತಾನೇ ಸೋಲುವ ಮಾತನ್ನು ಇನ್ನಷ್ಟು ಚೆಂದ ಮಾಡಿ ಹೇಳಿದಳು. ಎಂಥ ವಿಚಿತ್ರ ಎಂದುಕೊಂಡಳು, ಸೋತಾಗಲೂ ಗೆದ್ದ ಹಾಗೇ ಎದೆ ಕುಣಿಯುತ್ತಿದೆ.

ತಲೆ ತಿರುಗುವಷ್ಟು ಓಡಾಡಿದ ಮೇಲೆ ಅವಳು ಮತ್ತೆ ಎಬೊನ ಹತ್ತಿರ ಬಾಗಿದಳು. ಅವನು ಪಿಸುಗುಟ್ಟಿದ. ಅವಳು ಸೆಟೆದು ನಿಂತು, ಸಭೆಯ ಕಡೆ ತಿರುಗಿ, ಸಮುದ್ರಕ್ಕೆ ಕೇಳುವಂತೆ ಹೇಳಿದಳು:

"ಹಿರಿಯರೇ, ಈ ಊರಲ್ಲಿ ನಾವು ಇನ್ನೊಂದು ಹೂವೂ ನೋಡಿದೀವಿ! ಗಿರಣಿ ಗೋಡೆ ಪಕ್ಕದಲ್ಲಿ ಅರಳಿರೋದು! ಹಿಟ್ಟಿನ ಧೂಳು ಬಿದ್ರೂ ಬಾಡ್ದಿರೋದು! ಅದರ ಹೆಸರು ಎಫುವಾ ಅಮಿಸಾ! ದರ್ಜಿ ಎಬೊ ಕ್ವಾನ್ಸಾನಿಗೆ ಅದನ್ನೂ..."

ಅಲ್ಲಿ ಅವಳಿಗೆ ತಾನು ಏನು ಹೇಳುತ್ತಿದ್ದೇನೆಂದು ಕೇಳಿಸಿತು.

ಮೊದಲು ಪೊಲೀಸನ ಕೈಯಿಂದ ಬಾಳೆಹಣ್ಣಿನ ತಟ್ಟೆ ಜಾರಿ ಬಿತ್ತು. ಆಮೇಲೆ ಶಾಮಿಯಾನದ ಹಗ್ಗಗಳೇ ಕಿತ್ತುಬರುವ ಹಾಗೆ ಕೇಕೆ ಎದ್ದಿತು. ಹೆಂಗಸರು ಕರವಸ್ತ್ರ ಬೀಸುತ್ತಾ ಕುಣಿದರು. ಎಫುವಾ ಬಾಯಿಯ ಮೇಲೆ ಎರಡೂ ಕೈ ಮುಚ್ಚಿಕೊಂಡಳು. ಎಬೊ ಎರಡೂ ಕೈ ಮಡಿಲಲ್ಲಿಟ್ಟು, ಬಟ್ಟೆ ಕೆಡಿಸದ ದರ್ಜಿಯ ಹಾಗೆ ಮುಗ್ಧನಾಗಿ ಕೂತಿದ್ದ.

"ಕಳ್ಳ ದರ್ಜಿ!" ಅವಳು ಕೈ ಸಂದಿಯಿಂದಲೇ ಬೈದಳು. "ನನ್ನ ಬಾಯಿಂದಾನೇ ನನ್ನ ಕೇಳಿಸಿದೆಯಲ್ಲೋ!"

"ಒಳ್ಳೆ ನಾಲಿಗೆ ತಾ ಅಂದಿದ್ದೆ. ತಂದಿದ್ದೀನಿ," ಅವನು ಪಿಸುಗುಟ್ಟಿದ. ಕಿವಿಗೆ ಬಿದ್ದದ್ದು ಬಾಯಿಗೆ ಬರಲೇಬೇಕಲ್ಲ. ಅವಳು ಅದನ್ನೂ ಸಭೆಗೆ ಕೂಗಿಬಿಟ್ಟಳು. ಮತ್ತೊಮ್ಮೆ ಕೇಕೆ.

"ಉತ್ತರ! ಉತ್ತರ!" ಎಂದು ಸೆಕೊಂಡಿಯವರು ಚಪ್ಪಾಳೆ ಹಾಕಿದರು. "ಗಂಟು ಎಡಕ್ಕೆ ತಿರುಗಿಸು, ಉತ್ತರ ಹೇಳು!"

"ಆಗಲ್ಲ," ಕೋಜೋ ಬೆಂಚು ಹತ್ತಿ ನಿಂತಿದ್ದ. "ಕೇಳೋಳೂ ಅವಳೇ, ಕೊಡೋಳೂ ಅವಳೇ ಆದ್ರೆ ನ್ಯಾಯ ಎಲ್ಲಿ? ಬೇರೆ ಮಾಡಿ!"

"ಬೇರೆ ಮಾಡಬೇಡಿ!" ಮೀನು ಮಾರುವ ಹೆಂಗಸರು ಕೂಗಿದರು.

"ಮಂತ್ರಿಗಳು ಹೇಳ್ಲಿ! ಇದು ಅವರದ್ದೇ ರೋಗ!"

ಲಾಯರ್ ಬೊಂಡ್ಜಿ ಎದ್ದರು. ರೇಡಿಯೋದಲ್ಲಿ ಎಂದೂ ಕೇಳದಿದ್ದ ಒಂದು ನಗು ಅವರ ಮುಖದಲ್ಲಿತ್ತು. ಕೆಂಟೆಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡು, ಊರಿನ ಹುಡುಗನಾಗಿದ್ದಾಗಿನ ಮಾತಿನಲ್ಲೇ ಹೇಳಿದರು: "ನೋಡಿ, ಎರಡು ಕುರ್ಚಿ ಮೇಲೆ ಕೂರೋದು ಕಷ್ಟ, ಬೆನ್ನು ನೋಯುತ್ತೆ. ಆದ್ರೆ ಕೂರಬಹುದು. ಎಲ್ಲೀವರೆಗೆ? ತನ್ನದೇ ವಿಷಯ ಎದುರಿಗೆ ಬರೋವರೆಗೆ. ಅವತ್ತು ಒಂದು ಕುರ್ಚಿಯಿಂದ ಏಳಲೇಬೇಕು. ಯಾವುದರಿಂದ ಅನ್ನೋದನ್ನ ಬೇರೆಯೋರು ಹೇಳೋ ಹಾಗಿಲ್ಲ. ಎಫುವಾ ತಾಯಿ, ನೀವೇ ಆರಿಸಿ."

ಎಫುವಾ ಬಿಸಿಲಿನ ಪಟ್ಟೆಯ ನಡುವೆ ನಿಂತಳು. ತಲೆವಸ್ತ್ರದ ಗಂಟು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನೆತ್ತಿಯ ಮೇಲೆ ಮೊಗ್ಗಿನ ಹಾಗೆ ನಿಂತಿತ್ತು. ಹೆಣ್ಣಿನ ಕಡೆಯ ಕುರ್ಚಿಯಲ್ಲಿ ಕೂತರೆ ಮದುಮಗಳ ಹಾಗೆ ತಲೆ ತಗ್ಗಿಸಿ ಕೇಳಿಸಿಕೊಳ್ಳಬಹುದು. ಆದರೆ ಕೇಳಿಸುವವರು ಯಾರು? ಎಬೊನ ಗಂಟಲಲ್ಲಿ ಕಪ್ಪೆ ಕೂತಿದೆ. ಉಪದೇಶಿ ಆಗಲೇ ಕನ್ನಡಕ ಒರೆಸಿಕೊಳ್ಳುತ್ತಿದ್ದಾನೆ. ಮತ್ತೆ ಒಂದು "ಗೊತ್ತಲ್ಲ" ಕೇಳಿಸಿಕೊಂಡು ಬದುಕುವುದೇ?

"ನಾನು ಕೇಳೋ ಕಡೆ ಇರ್ತೀನಿ," ಅಂದಳು. "ಕೇಳೋ ಮಾತು ಚೆನ್ನಾಗಿರ್ಬೇಕು. ಉತ್ತರ ಯಾರ ಬಾಯಲ್ಲಾದ್ರೂ ಬರ್ಲಿ, ಹೂಂ ಅನ್ನೋಕೆ ಎಂಥ ಪಾಂಡಿತ್ಯ ಬೇಕು?"

"ಹೂಂ ಅಂದ್ಳು!" ನಾನಾ ಅರಬಾ ಊರುಗೋಲಿನಿಂದ ನೆಲ ಕುಟ್ಟಿದಳು. "ಕೇಳೋಕೆ ಮುಂಚೆನೇ ಹೂಂ ಅಂದ್ಳು!"

ಎಫುವಾಳ ಕೆನ್ನೆ ಬಿಸಿಯಾಯಿತು. ಎಬೊನ ಭುಜಗಳು ಸದ್ದಿಲ್ಲದ ನಗೆಗೆ ಕುಲುಕುತ್ತಿದ್ದವು.

"ಅವಳ ಕಡೆಯ ಉತ್ತರ ನಾನು ಕೊಡ್ತೀನಿ," ಮಂತ್ರಿ ಎದೆ ಮುಟ್ಟಿಕೊಂಡರು. "ಎರಡರ ಜೊತೆ ಇದು ಮೂರನೇ ಕುರ್ಚಿ."

"ಕೊಡಿ ಲಾಯರೇ, ಆದ್ರೆ ಚುಟುಕಾಗಿ," ಎಂದಳು ಎಫುವಾ. "ಕೋರ್ಟಿನ ಹಾಗೆ ಮುಂದಿನ ತಾರೀಕು ಕೇಳಬೇಡಿ. ಮತ್ತೆ ಇಲ್ಲಲ್ಲ. ಇನ್ನೊಬ್ಬರ ಶಾಮಿಯಾನದಲ್ಲಿ, ಇನ್ನೊಬ್ಬರ ಪಾನಕದಲ್ಲಿ ನನ್ನ ಕೇಳೋದಲ್ಲ. ನನಗೂ ಬಾಗಿಲಿದೆ. ಅದನ್ನ ಬಡೀಬೇಕು."

"ಮೊದಲು ನನ್ನ ಮೊಮ್ಮಗಳದ್ದು ಮುಗಿಸೇ ತಾಯಿ!" ಎಂದಳು ನಾನಾ ಅರಬಾ.

ಮುಗಿಸಿದರು. ಅಬಾಳನ್ನು ಕರೆತಂದು, ಈ ಬಾಟಲಿಯನ್ನು ಸ್ವೀಕರಿಸಬಹುದೇ ಎಂದು ಪದ್ಧತಿಯಂತೆ ಮೂರು ಸಲ ಕೇಳಿದರು. ಮೂರು ಸಲವೂ ಹುಡುಗಿ ಫಿಫಿಯ ಟೋಪಿಯನ್ನೇ ನೋಡುತ್ತಾ ಹೌದು ಅಂದಳು. ಹಾಡು, ಅಪ್ಪುಗೆ, ಅನ್ನದ ತಟ್ಟೆಗಳು. ತಟ್ಟೆ ಕೈಯಲ್ಲಿ ಹಿಡಿದೇ ಜನ ಗೇಟಿನ ಕಡೆ ಸರಿಯತೊಡಗಿದರು. ಯಾರಿಗೂ ಮುಂದಿನದನ್ನು ಬಿಡುವ ಮನಸ್ಸಿರಲಿಲ್ಲ.

ಎಬೊ ತನ್ನ ಹೊಲಿಗೆಯ ಚೀಲದಿಂದ ಒಂದು ಸ್ನ್ಯಾಪ್ಸ್ ಬಾಟಲಿ ತೆಗೆದ. ಅದನ್ನು ಅವನು ಬೆಳಿಗ್ಗೆಯೇ, ಶಾಲೆಯ ಅಂಗಿಯೊಂದರ ತೋಳಿನಲ್ಲಿ ಸುತ್ತಿ ತಂದಿದ್ದ. ಎಫುವಾ ಆ ತೋಳನ್ನು ನೋಡಿದಳು, ಅವನನ್ನು ನೋಡಿದಳು, ಬಾಟಲಿ ಇಸಿದುಕೊಂಡಳು. ಮಂತ್ರಿ ಆಗಲೇ ಕೆಂಟೆಯನ್ನು ಮೊಣಕಾಲವರೆಗೆ ಎತ್ತಿಕೊಂಡು ಹಿಂದಿನ ಓಣಿಯಿಂದ ಓಡುತ್ತಿದ್ದರು, ಅವಳ ಮನೆಯ ಒಳಗೆ ಮೊದಲೇ ಹೋಗಿ ನಿಲ್ಲಲು. ಹಿಂದೆ ಪೊಲೀಸ, ಪೊಲೀಸನ ಹಿಂದೆ ಕೋಜೋ. ಬಾಗಿಲು ಬಡಿದದ್ದು ಕೇಳಿಸಬೇಕಾದರೆ, ಕೆಲಸದ ಹುಡುಗನ ಕೈಗೆ ಬಿಟ್ಟು ಬಂದಿದ್ದ ಗಿರಣಿ ನಿಲ್ಲಿಸಬೇಕಲ್ಲ. ಸ್ವಲ್ಪ ಹೊತ್ತಿಗೆ ನಿಕಾ-ನಿಕಾ ನಿಧಾನವಾಯಿತು, ನಿಂತಿತು. ಹಗಲು ಹೊತ್ತಿನಲ್ಲಿ ಆ ಬೀದಿಗೆ ಸಮುದ್ರ ಕೇಳಿಸಿದ್ದು ಅದೇ ಮೊದಲು.

ಎಬೊ ಅವಳ ಕಿವಿಗೆ ಬಾಗಿದ. ಅವಳು ಕೈ ಅಡ್ಡ ಹಿಡಿದಳು.

"ನೀನು ಸುಮ್ನಿರು. ಇದನ್ನ ಪಿಸುಗುಟ್ಟೋದು ಬೇಡ, ಪೂರ್ತಿ ನನ್ನ ಹತ್ರ ಇದೆ." ಗಂಟನ್ನು ಬಲಕ್ಕೆ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡಳು. "ನಾವು ಬಹಳ ದೂರದಿಂದ ಬಂದೋರು..."

"ದೂರ ಎಲ್ಲಿ? ಹೊಲಿಗೆ ಅಂಗಡಿ ಇಲ್ಲೇ ತಿರುವಿನಲ್ಲಿದೆ!" ಎಂದು ಯಾರೋ ಕಿಚಾಯಿಸಿದರು.

"ದೂರದಿಂದಾನೇ ಕಣ್ರೀ," ಎಫುವಾ ಬಾಟಲಿಯನ್ನು ಕಂಕುಳಲ್ಲಿ ಭದ್ರ ಮಾಡಿಕೊಂಡು, ಚಪ್ಪಲಿ ಮೆಟ್ಟಿ, ತನ್ನದೇ ಬಾಗಿಲಿನ ಕಡೆಗೆ ಹೊರಟೇಬಿಟ್ಟಳು. ಮಾತು ಅವಳಿಗಿಂತ ಮುಂದೆ ಹೋಗುತ್ತಿತ್ತು. "ತುಂಬಾ ದೂರದಿಂದ. ದಾರೀಲಿ, ಗಿರಣಿ ಪಕ್ಕದಲ್ಲಿ, ಒಂದು ಹೂವು ಕಾಣ್ತು. ಎಂಥಾ ಹೂವು ಅಂದ್ರೆ, ಹಿರಿಯರೇ, ಅದರ ಬಣ್ಣ ಹೇಳ್ಲಾ, ಅದರ ಘಮ ಹೇಳ್ಲಾ, ಇಷ್ಟು ದಿನ ಅದನ್ನ ಯಾರೂ ಪೂರ್ತಿ ಮಾತಲ್ಲಿ ಕೇಳೇ ಇಲ್ಲ..."